ಶಾಮಿಯಾನ ಅಂಗಡಿಗೆ ದನಿ ಹುಡುಕಿದ್ದು

ಕೊಳ್ಳೇಗಾಲದಲ್ಲಿ ನನ್ನ ಗಂಟಲು ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ನಮ್ಮ ಅಂಗಡಿಯಲ್ಲಿ ಕೂತು ನಾನು ಫೋನಿನಲ್ಲಿ ಮಾತಾಡಿದರೆ, ಯಾರ ಮನೆಯಲ್ಲಿ ಯಾವತ್ತು ಮದುವೆ ಎನ್ನುವುದು ಎದುರು ಸಾಲಿನ ರೇಷ್ಮೆ ಸೀರೆ ಅಂಗಡಿಯವರಿಗೆಲ್ಲ ತಿಳಿದುಬಿಡುತ್ತಿತ್ತು. "ನಿಮ್ಗ್ಯಾಕಕ್ಕ ಫೋನು, ಕಿಟ್ಕಿ ತಗುದ್ರೆ ಹನೂರ್‌ಗಂಟ ಕೇಳ್ತದೆ" ಎಂದು ಅಲ್ಲಿನ ಯಜಮಾನರು ರೇಗಿಸುತ್ತಿದ್ದರು. ಆಗ ನಾನು ಇನ್ನೂ ಸ್ವಲ್ಪ ಜೋರಾಗಿ ಮಾತಾಡುತ್ತಿದ್ದೆ.

ನಮ್ಮದು ಮೂರು ಅಂಗಡಿ. ಕೊಳ್ಳೇಗಾಲದ್ದನ್ನು ನಾನು ನೋಡಿಕೊಳ್ಳುತ್ತೇನೆ, ನನ್ನ ಗಂಡ ಸಾಮಾನಿನ ಗಾಡಿ ಓಡಿಸುತ್ತಾರೆ. ಹನೂರಿನಲ್ಲಿ ಮೈದುನ ಇದ್ದಾನೆ. ಯಳಂದೂರಿನ ಅಂಗಡಿ ಚಿಕ್ಕಮಾವನದು, ಅಂದರೆ ನನ್ನ ಗಂಡನ ಚಿಕ್ಕಪ್ಪನದು. ಎಲ್ಲ ಕಡೆಗೂ ಬುಕಿಂಗ್ ಫೋನು ಮಾತ್ರ ಒಂದೇ, ಅದು ಇರುವುದು ನನ್ನ ಮೇಜಿನ ಮೇಲೆ. ಯಾವ ಊರಿಗೆ ಎಷ್ಟು ಕುರ್ಚಿ, ದೊಡ್ಡ ಕೊಳಗ ಎಲ್ಲಿದೆ, ಜಮಖಾನ ಯಾರ ಮನೆಯಲ್ಲಿ ಉಳಿದಿದೆ, ಎಲ್ಲವೂ ಆ ಫೋನಿನಲ್ಲಿ ನನ್ನ ಬಾಯಿಂದಲೇ ತೀರ್ಮಾನವಾಗುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆ ಕುರ್ಚಿ ನನ್ನದು. ಅಡುಗೆಮನೆಗಿಂತ ಅಲ್ಲಿ ಕೂತಾಗಲೇ ನನಗೆ ನನ್ನ ಮನೆ ಅನ್ನಿಸುತ್ತಿದ್ದದ್ದು.

ಆಮೇಲೆ ಕುತ್ತಿಗೆಯಲ್ಲಿ ಒಂದು ಗಂಟು ಬಂತು. ಅದು ದನಿಯ ನರಕ್ಕೆ ಅಂಟಿಕೊಂಡಿದೆ, ತೆಗೆಯುವಾಗ ದನಿ ಹೋಗಬಹುದು ಎಂದು ಮೈಸೂರಿನ ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಗಂಟೂ ಹೋಯಿತು, ದನಿಯೂ ಹೋಯಿತು. ಜೀವ ಉಳಿಸಿದ ಆ ಪುಣ್ಯಾತ್ಮರಿಗೆ ಕೈಮುಗಿದು ಮನೆಗೆ ಬಂದೆ. ಬಾಯಿ ತೆರೆದರೆ ಬರೀ ಗಾಳಿ. ಎದುರಿಗೆ ಕೂತವರಿಗಾದರೆ ಪಿಸುಗುಟ್ಟಿ ಹೇಳಬಹುದು, ಫೋನಿನಲ್ಲಿ ಏನೂ ಕೇಳಿಸದು. ಗಿರಾಕಿಗಳು "ಹಲೋ, ಹಲೋ" ಎಂದು ಕೂಗಿ ಕೂಗಿ ಇಟ್ಟುಬಿಡುತ್ತಿದ್ದರು.

ಮೈದುನ ಒಳ್ಳೆಯವನು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಅತ್ತ್ಗೆ, ನೀವ್ ದಣಿಬ್ಯಾಡಿ. ಫೋನ್ ನನ್ಗೆ ಕೊಟ್ಬುಡಿ, ಹನೂರಿಂದ್ಲೇ ಎಲ್ಲಾ ನೋಡ್ಕತೀನಿ. ನೀವು ಮನೇಲಿ ಆರಾಮಾಗಿರಿ."

"ಅವ ಯೋಳದೂ ಸರಿನೇ ಕಣೆ" ಎಂದರು ನನ್ನ ಗಂಡ.

ಆರಾಮಾಗಿರುವುದೆಂದರೆ ನನಗೆ ಮೈಮೇಲೆ ಜಿರಲೆ ಬಿಟ್ಟಂತೆ. ಹಿಂದಿನ ಕಾಲವಾಗಿದ್ದರೆ ಕೂಗಾಡಿ ಗೆಲ್ಲುತ್ತಿದ್ದೆ. ಈಗ ಒಂದು ಚೀಟಿಯಲ್ಲಿ ಬರೆದು ತೋರಿಸಿದೆ: ಮದುವೆ ಸೀಸನ್ ಶುರುವಾಗುವವರೆಗೆ ಸಮಯ ಕೊಡಿ, ಅಷ್ಟರಲ್ಲಿ ಒಂದು ದಾರಿ ಮಾಡದಿದ್ದರೆ ಫೋನು ಹನೂರಿಗೆ ಹೋಗಲಿ. ಇಬ್ಬರೂ ಒಪ್ಪಿದರು. ನಾನು ಸುಮ್ಮನಾಗಲೆಂದು ಒಪ್ಪಿದರೋ ಏನೋ, ಪಾಪ. ಅಂತೂ ಒಪ್ಪಿದರಲ್ಲ.

ಬುಕಿಂಗನ್ನು, ಜ್ಞಾಪಿಸುವುದನ್ನು, ಸಾಮಾನು ವಾಪಸ್ ಕೇಳುವುದನ್ನು ತಾವೇ ಮಾಡುವ ಸಾಫ್ಟ್‌ವೇರ್‌ಗಳಿವೆ ಎಂದು ಮೊಬೈಲಿನಲ್ಲಿ ಓದಿದ್ದೆ. ಹುಡುಕಿದರೆ ಒಂದಲ್ಲ, ನೂರೆಂಟು. ಹೋಲಿಸಿ ನೋಡಿ ಎಂದು ಪಟ್ಟಿಗಳು ಬೇರೆ, ಎಲ್ಲದಕ್ಕೂ ಸರಿ ಗುರುತು, ಎಲ್ಲವೂ ಅತ್ಯುತ್ತಮ. ಆ ಪಟ್ಟಿ ಓದಿ ಆರಿಸುವುದು ಮದುವೆ ಬ್ರೋಕರ್ ಮಾತು ನಂಬಿ ಗಂಡು ಒಪ್ಪಿಕೊಂಡ ಹಾಗೆ. ನಾನು ಹೊಸ ಗ್ಯಾಸ್ ಒಲೆ ಕೊಂಡಾಗಲೂ ಒಂದು ಬೀಗರೂಟಕ್ಕೆ ಹಚ್ಚಿ ನೋಡದೆ ಹಣ ಕೊಟ್ಟವಳಲ್ಲ. ಮೂರನ್ನು ಆರಿಸಿಕೊಂಡೆ, ಅಂಗಡಿಗೊಂದರಂತೆ ಹಂಚಿ ಪರೀಕ್ಷೆಗೆ ಇಟ್ಟೆ.

ಹನೂರಿಗೆ ಕೊಟ್ಟದ್ದು ಮೈಸೂರಿನ ಒಂದು ಕಂಪನಿಯದು. ಗಿರಾಕಿಯೇ ಮೊಬೈಲಿನಲ್ಲಿ ಫಾರಂ ತುಂಬಬೇಕು. ಹೆಸರು, ವಿಳಾಸ, ಪಿನ್‌ಕೋಡ್, ಇಮೇಲ್, ಸಮಾರಂಭದ ವಿಧ, ಇನ್ನೂ ಏನೇನೋ. ಗಡಿಯ ಕಡೆಯ ಹಳ್ಳಿಗಳಿಂದ ಬರುವವರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮೈದುನನನ್ನು ಹಿಡಿದು ಬೈದರಂತೆ. "ಕೇಳ್ತಿರದು ಚೇರ್ ತಾನೆ ಸಾ? ಸರ್ಕಾರಿ ಕೆಲ್ಸ ಅಲ್ವಲ್ಲ" ಎಂದು ಒಬ್ಬರು ಕೇಳಿದ್ದನ್ನು ಅವನು ಬಂದು ಹೇಳಿ ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು, ಶಬ್ದ ಬರಲಿಲ್ಲ.

ಕೊಳ್ಳೇಗಾಲಕ್ಕೆ ಇಟ್ಟುಕೊಂಡದ್ದು ತೀರಾ ಸಾದಾ ಏರ್ಪಾಡು. ನಮ್ಮ ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ನಡೆಸುವ ಒಬ್ಬಳು ಹೆಣ್ಣುಮಗಳು, ಅವರಿವರ ಅರ್ಜಿ ಹಾಕಿಕೊಡುತ್ತಲೇ ಇಂಥದ್ದನ್ನೆಲ್ಲ ಕಲಿತವಳು, ಪುಕ್ಕಟೆ ಸಿಗುವ ಯಾವುದೋ ಎರಡು ಮೂರು ಆ್ಯಪ್‌ಗಳನ್ನು ಜೋಡಿಸಿ ಮಾಡಿಕೊಟ್ಟಿದ್ದಳು. ಗಿರಾಕಿ ವಾಟ್ಸಾಪಿನಲ್ಲಿ ಮಾತಾಡಿ ಕಳಿಸಿದರೂ ಅದು ಬುಕಿಂಗ್ ಆಗುತ್ತದೆ. ಉತ್ತರ ತಯಾರಾಗುತ್ತದೆ, ಆದರೆ ನನ್ನ ಮುಂದೆ ಬಂದು ನಿಲ್ಲುತ್ತದೆ. ನಾನು ಓದಿ, ಬೇಕಾದರೆ ತಿದ್ದಿ, ಓಕೆ ಒತ್ತಿದರೆ ಮಾತ್ರ ಹೋಗುತ್ತದೆ.

ಯಳಂದೂರಿಗೆ ಹಾಕಿಸಿದ್ದು ಬೆಂಗಳೂರಿನ ಕಂಪನಿಯದು. ಅದರ ಠೀವಿಯೇ ಬೇರೆ. ಒಂದು ಸಲ ಎಂಟ್ರಿ ಮಾಡಿದರೆ ಮುಗಿಯಿತು, ಬುಕಿಂಗ್ ಖಾತ್ರಿ ಮಾಡುವುದು, ಹಿಂದಿನ ದಿನ ನೆನಪಿಸುವುದು, ಉಳಿದ ಸಾಮಾನು ಕೇಳುವುದು, ಅದು ವಾಪಸ್ ಬಂದ ಮೇಲೆ ಧನ್ಯವಾದ ಹೇಳುವುದು ಎಲ್ಲವನ್ನೂ ತಾನೇ ಮಾಡುತ್ತದೆ. ಚಿಕ್ಕಮಾವ ಮೊದಲು ಮೂಗು ಮುರಿದರು, ಆಮೇಲೆ ಮರುಳಾದರು. ವರ್ಷಗಟ್ಟಲೆ ಬೆಟ್ಟದ ರಸ್ತೆಯ ಮನೆಗಳಲ್ಲಿ ಉಳಿದುಕೊಳ್ಳುತ್ತಿದ್ದ ಸೌಟು, ಜರಡಿಗಳು ಕೂಡ ತಾವಾಗಿ ವಾಪಸ್ ಬರತೊಡಗಿದವು. ಕಂಪನಿಯ ಹುಡುಗನಿಗೆ ನಾನು ಕೊಳ್ಳೇಗಾಲದ ಏರ್ಪಾಡನ್ನು ವಿವರಿಸಿ ಬರೆದಾಗ, "ಮೇಡಂ, ಪ್ರತಿಯೊಂದಕ್ಕೂ ನೀವೇ ಓಕೆ ಒತ್ತೋದಾದ್ರೆ ಅದು ಆಟೊಮೇಷನ್ ಹೇಗಾಗುತ್ತೆ?" ಎಂದು ವಿನಯವಾಗಿ ಕೇಳಿದ. ಮಾತು ಸರಿಯಾಗಿಯೇ ಇತ್ತು. ಮೂರು ಅಂಗಡಿಗೂ ಬೆಂಗಳೂರಿನದನ್ನೇ ಹಾಕಿಸುವುದೆಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಂಡೆ. ದನಿ ಇಲ್ಲದಿದ್ದರೇನು, ನನ್ನ ಪರವಾಗಿ ಮಾತಾಡುವವರು ಸಿಕ್ಕರು ಎಂದು ಹಿಗ್ಗಿದ್ದೆ.

ಆಗ ಯಳಂದೂರಿನ ಪಕ್ಕದ ಒಂದು ಹಳ್ಳಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ತೀರಿಕೊಂಡರು.

ಸಾವಿನ ಮನೆಗೆ ನಮ್ಮಲ್ಲಿ ಬುಕಿಂಗ್ ಎನ್ನುವುದಿಲ್ಲ. ಯಾರಾದರೂ ಬಂದು ಹೇಳಿದರೆ ಸಾಕು, ಶಾಮಿಯಾನ, ಕುರ್ಚಿ ಆ ಕ್ಷಣ ಹೋಗುತ್ತವೆ, ತಿಥಿಗೆ ಪಾತ್ರೆ ಹೋಗುತ್ತದೆ. ಆ ಮನೆಯವರು ಸಾಮಾನು ವಾಪಸ್ ತಂದಿಳಿಸಿ ಹೋಗುವಾಗ ನಾವು "ಹೋಗಿ ಬನ್ನಿ" ಎನ್ನುವುದಿಲ್ಲ. ಅವರೂ "ಬರ್ತೀವಿ" ಎನ್ನುವುದಿಲ್ಲ. ಅಂಥ ಕೆಲಸಕ್ಕೆ ಮತ್ತೆ ಬನ್ನಿ ಎಂದು ಯಾರಾದರೂ ಕರೆಯುತ್ತಾರೆಯೇ? ಸುಮ್ಮನೆ ತಲೆಯಾಡಿಸಿ ಕಳಿಸುತ್ತೇವೆ, ಪಾತ್ರೆಗಳನ್ನು ಇನ್ನೊಮ್ಮೆ ತೊಳೆದು ಬಿಸಿಲಿಗೆ ಬೋರಲು ಹಾಕುತ್ತೇವೆ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಿದ್ದಲ್ಲ. ಆದ್ದರಿಂದಲೇ ಸಾಫ್ಟ್‌ವೇರ್‌ನವರಿಗೂ ಹೇಳಬೇಕೆಂದು ಹೊಳೆಯಲಿಲ್ಲ.

ಪರೀಕ್ಷೆಯ ಅವಧಿಯಲ್ಲಿ ಅಂಗಡಿಯಿಂದ ಹೋದದ್ದೆಲ್ಲ ಎಂಟ್ರಿ ಆಗಬೇಕು ಎಂದು ಮಾತಾಗಿತ್ತು. ಚಿಕ್ಕಮಾವ ನಿಷ್ಠೆಯಿಂದ ಅದನ್ನೂ ಎಂಟ್ರಿ ಮಾಡಿದರು. ಅದರ ಪಟ್ಟಿಯಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ ಇದ್ದವು, ಸಾವು ಇರಲಿಲ್ಲ. "ಇತರೆ ಸಮಾರಂಭ" ಎಂದು ಒತ್ತಿದರು. ತಿಥಿ ಮುಗಿದು ಪಾತ್ರೆ ವಾಪಸ್ ಬಂದ ಮಧ್ಯಾಹ್ನ ಅವರ ಫೋನು ಬಂತು.

"ಅವ್ವ, ಒಂದ್ ಯಡವಟ್ಟಾಗೋಗದೆ ಕಣವ್ವ. ಆ ಸತ್ತೋದೋರ್ ಮನೆಗೆ ಮತ್ತೆ ಬನ್ನಿ ಅಂತ ಮೆಸೇಜ್ ಓಗ್ಬುಟ್ಟದೆ."

ಅವರು ಅದನ್ನು ನನಗೂ ಕಳಿಸಿದರು. "ನಿಮ್ಮ ಸಮಾರಂಭವು ಸಂತಸದಿಂದ ನೆರವೇರಿತೆಂದು ಭಾವಿಸುತ್ತೇವೆ. ಮತ್ತೊಮ್ಮೆ ನಿಮ್ಮ ಸೇವೆಯ ಅವಕಾಶಕ್ಕಾಗಿ ಕಾಯುತ್ತಿರುತ್ತೇವೆ." ಕೊನೆಗೆ ಒಂದು ಹೂಗುಚ್ಛ. ಕೆಳಗೆ ನಮ್ಮ ಅಂಗಡಿಯ ಹೆಸರು. ಅದು ಹೋಗಿದ್ದು ತೀರಿಕೊಂಡವರ ಮಗಳ ಮೊಬೈಲಿಗೆ.

ಸಂಜೆ ಮೈದುನ ಬಂದ. "ನೋಡಿ ಅತ್ತ್ಗೆ, ಫೋನಿಗೆ ಮಾತಾಡೋ ಮನ್ಸ ಬೇಕು. ಇನ್ನು ಸಾಕು ಬುಡಿ" ಎಂದ. ನನ್ನ ಗಂಡ ಗಾಡಿಯ ಹಗ್ಗ ಸುತ್ತುತ್ತಲೇ ಹೌದೆಂದು ತಲೆಯಾಡಿಸಿದರು. ನಾನು ವಾದ ಮಾಡಲಿಲ್ಲ. ಮೊದಲು ಆ ಮನೆಗೆ ಹೋಗಬೇಕಾಗಿತ್ತು, ಕುರ್ಚಿಯ ಜಗಳ ಆಮೇಲಿನದು.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಹೋದೆ. ಚಿಕ್ಕಮಾವ ಯಳಂದೂರಿನಿಂದ ತಮ್ಮ ಸ್ಕೂಟರಿನಲ್ಲಿ ಆ ಹಳ್ಳಿಗೆ ಕರೆದುಕೊಂಡು ಹೋದರು. ಜಗಲಿಯಲ್ಲಿ ನೆಂಟರು ಕೂತಿದ್ದರು. ಮಗಳು ಒಳಗಿಂದ ಬಂದಳು, ನಲವತ್ತರ ಆಸುಪಾಸಿನ ಹೆಂಗಸು, ಅತ್ತು ಅತ್ತು ಮುಖ ಊದಿತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತೆಲ್ಲ ಗಂಟಲಲ್ಲಿ ಗಾಳಿಯಾಗಿ ಹೋಯಿತು. ಅವಳ ಎರಡೂ ಕೈ ಹಿಡಿದುಕೊಂಡೆ. ಚಿಕ್ಕಮಾವನೇ ನನ್ನನ್ನು ಪರಿಚಯಿಸಿ, ಆಪರೇಷನ್ ಆದದ್ದನ್ನು, ಮೆಷಿನ್ನು ತಾನೇ ಮೆಸೇಜ್ ಕಳಿಸಿದ್ದನ್ನು ಹೇಳಿದರು.

ಅವಳು ನನ್ನ ಕುತ್ತಿಗೆಯ ಗಾಯದ ಗುರುತನ್ನು ನೋಡಿದಳು. ಆಮೇಲೆ ಅವಳ ತುಟಿಯಂಚಿನಲ್ಲಿ ನಗು ಮೂಡಿತು. ಆ ನಗುವನ್ನು ನಾನು ಸಾಯುವವರೆಗೆ ಮರೆಯಲಾರೆ.

"ಅಕ್ಕ, ಅದು ನಿಮ್ ಮಾತಲ್ಲ ಅಂತ ಓದುದ್ ತಕ್ಷಣನೇ ಗೊತ್ತಾಯ್ತು. ನೀವ್ಯಾವತ್ತಕ್ಕ ಅಷ್ಟ್ ನಯವಾಗಿ ಮಾತಾಡಿದ್ರಿ?"

ಜಗಲಿಯಲ್ಲಿ ಕೂತಿದ್ದ ಒಂದಿಬ್ಬರು ಫಕ್ಕನೆ ನಕ್ಕುಬಿಟ್ಟರು. ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು: "ನಮ್ ಮದ್ವೆಗಳಿಗೆಲ್ಲಾ ನಿಮ್ತಾವೇ ಸಾಮಾನು ತಂದದ್ದು. ನಮ್ಮವ್ವ ಫೋನಲ್ಲಿ ನಿಮ್ ಕೈಲಿ ಬೈಸ್ಕಂಡು ನಗಾಡ್ತಿದ್ಲು. ಪಾತ್ರೆ ಅಂಗ್ಡಿ ಅಕ್ಕ ಬೈದ್ಲು ಅಂದ್ರೆ ಸಾಮಾನು ಹೊತ್ಗೆ ಸರ್ಯಾಗ್ ಬತ್ತದೆ ಅಂತ ಲೆಕ್ಕ ಕಣ್ರೋ ಅನ್ನೋಳು."

ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನಾನು ಗದರಿದ್ದೆಲ್ಲ ಯಾರದೋ ಮನೆಯಲ್ಲಿ ಭರವಸೆಯಾಗಿ ಕೂತಿತ್ತು, ನನಗೆ ಗೊತ್ತೇ ಇರಲಿಲ್ಲ. ಸಮಾಧಾನ ಮಾಡಲು ಹೋದವಳು ಸಮಾಧಾನ ಮಾಡಿಸಿಕೊಂಡೆ. ಏಳುವ ಹೊತ್ತಿಗೆ ನಾನು ಅವಳ ತಲೆ ನೇವರಿಸಿ ಅಂಗಳಕ್ಕೆ ಇಳಿದೆ. ನನ್ನ ಜೊತೆ ಎದ್ದವರು ಯಾರೂ ಬರ್ತೀನಿ ಎನ್ನಲಿಲ್ಲ, ಮನೆಯವರೂ ಹೋಗಿ ಬನ್ನಿ ಎನ್ನಲಿಲ್ಲ. ಆಪರೇಷನ್ ಆದ ಮೇಲೆ ಮೊದಲ ಸಲ, ಸುತ್ತ ಇದ್ದವರೆಲ್ಲರ ಹಾಗೆಯೇ ನಾನೂ ಇದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲೇ ಬೆಂಗಳೂರಿನ ಹುಡುಗನಿಗೆ ಬರೆದೆ. ಅವನು ಕೂಡಲೇ ಎಲ್ಲ ಮೆಸೇಜು ನಿಲ್ಲಿಸಿ, "ಸಾವಿನ ಮನೆಗೂ ಕುರ್ಚಿ ಬಾಡಿಗೆಗೆ ಹೋಗುತ್ತೆ ಅಂತ ನಮಗೆ ಹೊಳೀಲೇ ಇಲ್ಲ ಮೇಡಂ, ದಯವಿಟ್ಟು ಕ್ಷಮಿಸಿ" ಎಂದು ಉತ್ತರ ಕೊಟ್ಟ. ಸಭ್ಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಸಾಫ್ಟ್‌ವೇರ್ ಇವತ್ತಿಗೂ ಮೂರರಲ್ಲಿ ಹೆಚ್ಚು ಜಾಣ. ಆದರೆ ನನ್ನ ಹೆಸರಿನಲ್ಲಿ ಮಾತಾಡುವುದು ನನ್ನ ಹಾಗೆಯೇ ಮಾತಾಡಬೇಕು, ಬೇಡವಾದಾಗ ಬಾಯಿ ಮುಚ್ಚಬೇಕು. ಬಸ್ಸಿಳಿದವಳು ನೇರ ಝೆರಾಕ್ಸ್ ಅಂಗಡಿಗೆ ಹೋಗಿ, ಮೂರು ಅಂಗಡಿಗೂ ನಿನ್ನದೇ ಆಗಲಿ ಎಂದು ಬರೆದುಕೊಟ್ಟೆ. ಸಾವಿನ ಮನೆಗೆ ಎಂದು ಬೇರೆ ಗುರುತು ಬೇಕು, ಅದನ್ನು ಒತ್ತಿದರೆ ಯಾವ ಮೆಸೇಜೂ ತಯಾರಾಗಬಾರದು ಎಂದೂ ಬರೆದೆ. ಅವಳು ಮರುಪ್ರಶ್ನೆ ಹಾಕದೆ ಅಲ್ಲೇ ಕೂತು ಮಾಡಿಕೊಟ್ಟಳು. ಅವಳ ಹೊಟ್ಟೆ ತಣ್ಣಗಿರಲಿ.

ಸೀಸನ್ನಿನ ಮೊದಲ ಬುಕಿಂಗ್ ಬರುವ ಹೊತ್ತಿಗೆ ಮೈದುನ ಫೋನು ತೆಗೆದುಕೊಂಡು ಹೋಗಲು ಅಂಗಡಿಯಲ್ಲೇ ಕಾದು ಕೂತಿದ್ದ. ಆ ಯಡವಟ್ಟಾದ ಮೇಲೆ ಅವನಿಗೆ ಯಾವ ಸಾಫ್ಟ್‌ವೇರಿನ ಮೇಲೂ ನಂಬಿಕೆ ಉಳಿದಿರಲಿಲ್ಲ. ಕೊಟ್ಟ ಮಾತು ಕೊಟ್ಟದ್ದೇ, ನಾನೂ ತಡೆದಿರಲಿಲ್ಲ. ಹನೂರಿನ ಕಡೆಯ ಒಬ್ಬ ಗಂಡಸಿನ ದನಿ ವಾಟ್ಸಾಪಿನಲ್ಲಿ ಬಂತು, ತಂಗಿಯ ಮದುವೆಗೆ ಶಾಮಿಯಾನ, ಜಮಖಾನ ಬೇಕಂತೆ. ಉತ್ತರ ತಯಾರಾಗಿ ನನ್ನ ಮುಂದೆ ಬಂದು ನಿಂತಿತು: "ನಿಮ್ಮ ಬುಕಿಂಗ್ ಖಾತ್ರಿಯಾಗಿದೆ, ಧನ್ಯವಾದಗಳು." ಅದನ್ನು ಅಳಿಸಿದೆ. ಬೆರಳು ತಾನಾಗಿ ಓಡಿತು.

"ಗಾಡಿ ಹಿಂದಿನ್ ದಿನಾನೇ ಬತ್ತದೆ, ಸುಮ್ನೆ ಗಳಿಗೆಗೊಂದ್ಸಲ ಫೋನ್ ಮಾಡಿ ಪ್ರಾಣ ತಿನ್ಬ್ಯಾಡ. ಹೋದ್ಸಲ ನಿಮ್ಮೋರು ಜಮಖಾನದ ಮೇಲೆ ಸಾರು ಚೆಲ್ಲಿ ಮಡ್ಚಿ ಕಳ್ಸಿದ್ರು, ಈ ಸಲ ಆ ಆಟ ಆಡುದ್ರೆ ಮದ್ವೆ ಮನೆಗೇ ಬಂದು ಕುಂತ್ಕತೀನಿ. ತಂಗಿಗೆ ಒಳ್ಳೇದಾಗ್ಲಿ."

ಓಕೆ ಒತ್ತಿದೆ. ಅವನು ಓದಿದನೆಂದು ಎರಡು ನೀಲಿ ಸರಿ ಗುರುತು ಬಂದವು. ಆಮೇಲೆ ಉತ್ತರ ಬಂತು.

"ಅಯ್ಯೋ ಅಕ್ಕಾ, ದನಿ ಓಗ್ಬುಡ್ತು ಅಂದ್ರಲ್ಲ ಎಲ್ರೂ, ನೀವ್ ಇದೀರಲ್ಲ!"

ನಾನು ಅದನ್ನು ಮೈದುನನ ಕಡೆ ತಿರುಗಿಸಿದೆ. ಅವನು ಫೋನು ಕೈಗೆ ತೆಗೆದುಕೊಂಡು ಎರಡೆರಡು ಸಲ ಓದಿದ. ಕೈಯಲ್ಲಿ ಸುತ್ತಿಟ್ಟುಕೊಂಡಿದ್ದ ಚಾರ್ಜರನ್ನು ಬಿಚ್ಚಿ ನನ್ನ ಮೇಜಿನ ಪಕ್ಕದ ಪ್ಲಗ್ಗಿಗೆ ಸಿಕ್ಕಿಸಿ, ಫೋನನ್ನು ನನ್ನ ಮುಂದಿಟ್ಟು, ಹನೂರಿನ ಬಸ್ಸಿಗೆ ಹೊತ್ತಾಯಿತೆಂದು ಎದ್ದುಹೋದ.