ಸೊಪ್ಪಿನ ಹುಳು, ನಮ್ಮ ಮನೆಯ ಮಡಿ

ನಮ್ಮ ಅತ್ತೆಯ ಅಡುಗೆಮನೆಯಷ್ಟು ಶುದ್ಧವಾದ ಜಾಗ ಹುಣಸೂರು ತಾಲ್ಲೂಕಿನಲ್ಲೇ ಇಲ್ಲ. ಹಾಗೆಂದು ಹೇಳುತ್ತಿದ್ದವರು ನಮ್ಮ ಅತ್ತೆ. ಬೇರೆಯವರ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ. ನಮ್ಮದು ಶೈವರ ಮನೆ, ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಸೊಪ್ಪು ಸೋಸಲು ಬರುತ್ತಿದ್ದ ಮುದುಕಿಯೂ ದಾಟುವಂತಿರಲಿಲ್ಲ, ಅವಳು ಮಾಂಸ ತಿನ್ನುವವಳು. ಜಗಲಿಯಲ್ಲಿ ಕೂತು ಒಂದೊಂದೇ ಎಲೆ ಮಗುಚಿ ನೋಡಿ, ಹುಳು ಕಂಡರೆ ಉಗುರಲ್ಲಿ ತೆಗೆದು, ಮೂರು ನೀರಲ್ಲಿ ತೊಳೆದು ಮೊರಕ್ಕೆ ಹಾಕುತ್ತಿದ್ದಳು. ಅತ್ತೆ ಅದರ ಮೇಲೆ ನಾಲ್ಕು ಹನಿ ಚಿಮುಕಿಸಿ ಒಳಗೆ ತರುತ್ತಿದ್ದರು. ಮೂರು ನೀರಿಗೆ ಹೋಗದ ಕೊಳೆ ಆ ನಾಲ್ಕು ಹನಿಗೆ ಹೋಗುತ್ತಿತ್ತು! ಗದ್ದೆಯಲ್ಲಿ ಬಗ್ಗಲು ಸೊಂಟ ಬಿಡದಿದ್ದ ಆ ಮುದುಕಿಗೆ ಉಳಿದಿದ್ದ ಕೆಲಸ ಇದೊಂದೇ.

ಹನಗೋಡಿನ ಹತ್ತಿರದ ನಮ್ಮ ತೋಟದ ಮನೆಯ ಎರಡು ಕೋಣೆಗಳನ್ನು ಆಗಷ್ಟೇ ಹೋಂಸ್ಟೇ ಮಾಡಿದ್ದೆವು. ಕಾಡು ನೋಡಲು ಪರದೇಶದಿಂದ ಯಹೂದಿ ಗಂಡ ಹೆಂಡತಿ ಬಂದರು. ಒಲೆ, ಪಾತ್ರೆ, ಚಾಕು ಎಲ್ಲ ಅವರದ್ದೇ. ಅವರ ಧರ್ಮದಲ್ಲೂ ಊಟಕ್ಕೆ ಕಟ್ಟುಮಡಿಯಂತೆ, ನಾವು ಬೇಯಿಸಿದ್ದು ಬೇಡ, ಹಸಿ ಸೊಪ್ಪು ಕೊಟ್ಟರೆ ಸಾಕು ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆಯ ಮುಖ ಕೆಂಪಗಾಯಿತು.

"ನಮ್ ಪಾತ್ರೆ ಬ್ಯಾಡ್ವಂತಾ? ಕುರಿ ಕೋಳಿ ತಿನ್ನೋರಿಗೆ ನಮ್ ಪಾತ್ರೆ ಮೈಲ್ಗೆ ಆಯ್ತದಂತಾ?"

ನನಗೆ ಒಳಗೊಳಗೇ ಖುಷಿಯಾಯಿತು. ಜೀವಮಾನವೆಲ್ಲ ಪರರನ್ನು ಹೊರಗೆ ಕೂರಿಸಿದವರಿಗೆ ತಮ್ಮನ್ನೂ ಒಬ್ಬರು ಹೊರಗಿಟ್ಟದ್ದು ನುಂಗಲಾರದ ತುತ್ತಾಗಿತ್ತು.

ಆ ದಂಪತಿಯೂ ಕಡಿಮೆಯವರಲ್ಲ. ಹುಲಿ ನೋಡಲು ಬಂದವರು ಹುಳು ಹುಡುಕುತ್ತ ಕೂತರು. ಅವರ ಧರ್ಮದಲ್ಲಿ ಸೊಪ್ಪಿಗೆ ದೋಷವಿಲ್ಲ, ಅದರಲ್ಲಿ ಕಣ್ಣಿಗೆ ಕಾಣುವ ಹುಳುವಿಗೆ ಮಾತ್ರ ದೋಷ. ಒಂದು ಹೊಟ್ಟೆಗೆ ಹೋದರೂ ಪಾಪ. ಆಕೆ ಸೊಪ್ಪನ್ನು ಉಪ್ಪುನೀರಲ್ಲಿ ನೆನೆಸಿ, ಅಲುಗಾಡಿಸಿ, ಆ ನೀರನ್ನು ತೆಳು ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಿದ್ದಳು. ಒಂದು ಹಿಡಿ ಕೊತ್ತಂಬರಿಗೆ ಅರ್ಧ ಗಂಟೆ. ದೇವರಿಗೆ ಬೇರೆ ಕೆಲಸವಿಲ್ಲವೇ ಎಂದುಕೊಂಡೆ.

ಮೊದಲ ದಿನದ ಬಟ್ಟೆಯಲ್ಲಿ ಏನೂ ಸಿಗಲಿಲ್ಲ. ಆಕೆಗೆ ಆಶ್ಚರ್ಯ. ಇಷ್ಟು ಚೆನ್ನಾಗಿ ನೋಡಿದ ಕಣ್ಣು ಯಾರದ್ದು, ಅವರಿಗೆ ನನ್ನ ವಂದನೆ ತಿಳಿಸಿ ಎಂದಳು. ಜಗಲಿಯ ಮುದುಕಿಯ ಕಣ್ಣು ಎಂದು ಅತ್ತೆಯ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. "ಸೊಪ್ಪು ಚೆನ್ನಾಗಿದೆಯಂತೆ" ಎಂದೆ. ಅತ್ತೆ ಹೊಗಳಿಕೆಯನ್ನು ತಮ್ಮ ಸೆರಗಿಗೆ ಕಟ್ಟಿಕೊಂಡರು.

ಮರುದಿನ ಮುದುಕಿ ಎಚ್.ಡಿ. ಕೋಟೆಗೆ, ಅಕ್ಕನ ಮನೆಗೆ ಹೋಗಿದ್ದಳು. ಅತ್ತೆ ಪೂಜೆಯಲ್ಲಿದ್ದರು, ಅವಳು ಬಾರದ್ದು ಅವರಿಗೆ ಗೊತ್ತಾಗಲಿಲ್ಲ. ಸೊಪ್ಪು ಸೋಸಿದವಳು ನಾನು, ಒಂದು ಕೈಯಲ್ಲಿ ಮೊಬೈಲು ಹಿಡಿದುಕೊಂಡು. ಕೀರೆಸೊಪ್ಪಿನ ಬೇರು ಕಿತ್ತು, ಒಂದು ನೀರು ತೋರಿಸಿ, ಅರ್ಧ ನಮ್ಮ ಅಡುಗೆಗೆ, ಅರ್ಧ ಆ ದಂಪತಿಗೆ ಕೊಟ್ಟುಬಿಟ್ಟೆ. ಮಧ್ಯಾಹ್ನ ಆ ಪರದೇಶದ ಹೆಂಗಸು ಬಟ್ಟೆಯನ್ನು ಬೆಳಕಿಗೆ ಹಿಡಿದು ಅತ್ತೆಯನ್ನು ಕರೆದು ತೋರಿಸಿದಳು. ಗಸಗಸೆಯಷ್ಟು ಹಸಿರು ಹುಳುಗಳು, ಏಳೆಂಟು, ಕೆಲವು ಇನ್ನೂ ಹರಿದಾಡುತ್ತಿದ್ದವು. ಅದೇ ಸೊಪ್ಪಿನ ಬಸ್ಸಾರನ್ನು ನಾವು ಆಗತಾನೇ ಉಂಡು ಕೈ ತೊಳೆದಿದ್ದೆವು. ಅತ್ತೆ ಬಚ್ಚಲಿಗೆ ಹೋಗಿ ಮೂರು ಸಲ ಬಾಯಿ ಮುಕ್ಕಳಿಸಿದರು. ಆಮೇಲೆ ಹೇಳಿದರು, "ಆ ಮುದುಕೀದೇ ಕೆಲ್ಸ ಕಣ. ತಿನ್ನೋ ಜನಕ್ಕೆ ಉಳ ಎಲ್ಲಿ ಕಾಣ್ತದೆ?"

ಸೋಸಿದವಳು ನಾನು ಎಂದು ಬಾಯಿಬಿಡಲು ಅದೇ ಸಮಯ. ನಾನು ಪಾತ್ರೆ ತೊಳೆಯಲು ಹೋದೆ.

ಬೆಳಗ್ಗೆ ಮುದುಕಿ ಬಂದು ಮೊರ ಕೇಳಿದಳು. ಅತ್ತೆ ಬಾಗಿಲಲ್ಲೇ ನಿಂತು, "ಇನ್ಮ್ಯಾಕೆ ಬರ್ಬ್ಯಾಡ ಕಣವ್ವ, ನಿನ್ ಕಣ್ಣು ಮಂಜಾಗವೆ. ನೆನ್ನೆ ಸೊಪ್ನಲ್ಲಿ ಉಳ ತಿನ್ನುಸ್ದೆ" ಎಂದರು.

"ನೆನ್ನೆ ನಾ ಬಂದೇ ಇರ್ನಿಲ್ವಲ್ಲ ಅಮ್ಮಾರೆ! ಯಾರ್ ಸೋಸುದ್ರು ಕೇಳಿ."

ಇಬ್ಬರೂ ನನ್ನ ಕಡೆ ನೋಡಿದರು. ಎಂ.ಎ. ಓದಿದವಳು ನಾನು, ಜಾತಿಯ ಬಗ್ಗೆ ಕಾಲೇಜಿನಲ್ಲಿ ಭಾಷಣ ಮಾಡಿ ಬಹುಮಾನ ಗಿಟ್ಟಿಸಿದವಳು. "ಮೊನ್ನೆ ಅವಳು ಸೋಸಿಟ್ಟಿದ್ದೇ ಇರಬೇಕು ಅತ್ತೆ" ಎಂದೆ.

ಅತ್ತೆ ಒಳಗೆ ಹೋದರು. ಮುದುಕಿ ಬೈಯಲಿ ಎಂದು ಕಾದೆ, ಬೈದಿದ್ದರೆ ನಾನೂ ಸ್ವಲ್ಪ ಕೋಪ ಮಾಡಿಕೊಳ್ಳಬಹುದಿತ್ತು. ಅವಳು ಸೆರಗು ಕೊಡವಿಕೊಂಡು ಎದ್ದಳು. ನನ್ನ ಮುಖವನ್ನು, ಎಲೆ ಮಗುಚಿ ನೋಡುವಷ್ಟೇ ನಿಧಾನವಾಗಿ ನೋಡಿದಳು.

"ಓಗ್ಲಿ ಬುಡಿ ಅಕ್ಕಾರೆ," ಎಂದಳು. "ನಾನಾದ್ರೆ ಓಯ್ತೀನಿ. ನೀವು ಈ ಮನೇಲೇ ಬಾಳ್ಬೇಕಲ್ಲ."