ಒಣ ಪೀಪಾಯಿಗೆ ನೀರು

ಆ ಹಳೆಯ ವಿಸ್ಕಿ ಭಟ್ಟಿಗೆ ಬರುವ ಪ್ರವಾಸಿಗರಿಗೆ ಕೊನೆಯಲ್ಲಿ ತೋರಿಸುವ ವಸ್ತು ಒಬ್ಬ ಮನುಷ್ಯ. ಹಗ್ಗ ಕಟ್ಟಿದ ಮೂಲೆಯಲ್ಲಿ ಆತ ಓಕ್ ಮರದ ಹಲಗೆಗಳನ್ನು ಸುತ್ತ ನಿಲ್ಲಿಸಿ, ಕಬ್ಬಿಣದ ಬಳೆ ತೊಡಿಸಿ, ಸುತ್ತಿಗೆಯಿಂದ ಬಡಿದು ಪೀಪಾಯಿ ಕಟ್ಟುತ್ತಾನೆ. ಜನ ಚಪ್ಪಾಳೆ ತಟ್ಟಿ ಹೋದದ್ದೇ ತಡ, ಅದನ್ನೇ ಬಿಚ್ಚಿಡುತ್ತಾನೆ; ಮುಂದಿನ ಬಸ್ಸಿನವರು ಬರಬೇಕಲ್ಲ! ವಿಸ್ಕಿ ಮಾಗುವ ಪೀಪಾಯಿಗಳೆಲ್ಲ ಈಗ ಯಂತ್ರದವು. ಪರಂಪರೆ ಉಳಿಸುತ್ತಿದ್ದೇವೆ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದಾರೆ. ಕೈಯಿಂದ ಕೆಲಸ ಕಿತ್ತುಕೊಂಡು, ಬರಿಗೈಯನ್ನು ಪ್ರದರ್ಶನಕ್ಕಿಡುವುದಕ್ಕೆ ಎಂಥ ಚಂದದ ಹೆಸರು!

ಪೀಪಾಯಣ್ಣ ಎಂದೇ ಎಲ್ಲರೂ ಕರೆಯುವ ಆತನಿಗೆ ಇದು ಕೆಲಸದ ಕೊನೆಯ ವಾರ. ಇದ್ದದ್ದು ಒಂದೇ ಆಸೆ: ತಾನು ಕಟ್ಟಿದ್ದು ಹನಿ ಸೋರದೆ ನಿಲ್ಲುವುದನ್ನು ಹೆಂಡತಿ ಒಮ್ಮೆ ನೋಡಬೇಕು. ಆಕೆಗೆ ಗೊತ್ತಿದ್ದದ್ದು ಅವನ ಅಂಗಿಯ ಮರದ ವಾಸನೆ, ಬೆರಳಲ್ಲಿ ಮುರಿದ ಸಿಬಿರು, ಕೆಲಸವಲ್ಲ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಆ ವಾರ ಒಂದು ದಿನ, ಪ್ರವಾಸ ಬಂದಿದ್ದ ತನ್ನ ಅಕ್ಕನ ಜೊತೆ ಆಕೆಯೂ ಟಿಕೆಟ್ ತೆಗೆದುಕೊಂಡೇ ಬಂದಳು.

"ಗಂಡನ್ನ ನೋಡೋಕೂ ಟಿಕೆಟ್ಟೇನೇ? ನಮ್ಮನೆಯವರನ್ನ ನೋಡೋಕೆ ನನಗೇ ಯಾರಾದ್ರೂ ದುಡ್ಡು ಕೊಡ್ಬೇಕು!" ಎಂದಳು ಅಕ್ಕ.

ಕೊನೆಯ ಬಳೆ ಬಡಿದ ಪೀಪಾಯಣ್ಣ, ಚಪ್ಪಾಳೆಗೂ ಕಾಯದೆ, ತುಂಬಿಸಿಟ್ಟಿದ್ದ ಬಕೆಟ್‌ಗಳನ್ನು ಎತ್ತಿ ಒಳಗೆ ಸುರಿದ. ಹಲಗೆಗಳ ಸಂದುಸಂದಿನಿಂದ ನೀರು ಚಿಮ್ಮಿತು. ಗೈಡ್‌ನ ಬೂಟು ತೊಯ್ದು ತೊಪ್ಪೆಯಾಯಿತು.

"ಅಯ್ಯೋ ಪೀಪಾಯಣ್ಣ, ಇದು ತೋರ್ಸೋಕೆ ಇರೋದು, ತುಂಬೋಕಲ್ಲ!" ಎಂದು ಕೂಗಿದ ಗೈಡ್. ಜನ ಗೊಳ್ಳೆಂದು ನಕ್ಕರು. "ಬನ್ನಿ, ರುಚಿ ನೋಡೋ ಕೋಣೆ ಈ ಕಡೆ" ಎಂದ ಕೂಡಲೇ ಜಾಗ ಖಾಲಿ. ಬಿಟ್ಟಿ ಸಿಕ್ಕೋದನ್ನ ಯಾಕೆ ಬಿಡ್ಬೇಕು ಎನ್ನುತ್ತ ಅಕ್ಕನೂ ಹೋದಳು.

ಪೀಪಾಯಣ್ಣನ ಮುಖ ಸಣ್ಣದಾಯಿತು. "ನೀನೂ ಹೋಗು. ದಿನಾ ಕಟ್ಟಿ ಬಿಚ್ಚಿ ಹಲಗೆ ಅಂಚೆಲ್ಲಾ ಸವೆದಿದೆ. ನನ್ನ ಕೈಯೂ ಹಾಗೇ ಆಗಿದೆ."

"ಕೈ ಸುದ್ದಿ ಆಮೇಲೆ. ಈಗೇನು ಮಾಡ್ಬೇಕು, ಅದನ್ನ ಹೇಳಿ."

"ಮರ ನೀರು ಕುಡಿದು ಊದ್ಕೊಂಡ್ರೆ ಸಂದು ಮುಚ್ಚುತ್ತೆ. ಅಲ್ಲೀತನಕ ಹಾಕ್ತಾನೇ ಇರ್ಬೇಕು."

"ಮತ್ತೆ ಗರ ಬಡಿದವರ ಹಾಗೆ ನಿಂತಿದ್ದೀರಲ್ರೀ!" ಎಂದು ಆಕೆ ಹಗ್ಗದಡಿ ನುಸುಳಿ ಬಕೆಟ್ ಎತ್ತಿಕೊಂಡಳು.

ಅವನು ನಲ್ಲಿಯಿಂದ ನೀರು ಹಿಡಿದು ತಂದ, ಅವಳು ಸುರಿದಳು. ನಡುನಡುವೆ ಅವನು ಬಳೆಗಳನ್ನು ಇನ್ನಷ್ಟು ಬಿಗಿಯಾಗಿ ಬಡಿದ. ಚಿಮ್ಮುತ್ತಿದ್ದ ನೀರು ಎಳೆಯಾಯಿತು, ಎಳೆ ಹನಿಯಾಯಿತು. ಅಷ್ಟರಲ್ಲಿ ಮುಂದಿನ ಗುಂಪಿನ ಜೊತೆ ಗೈಡ್ ಬಾಗಿಲಿಗೆ ಬಂದ.

"ಬೇಗ ಬಿಚ್ಚಿ, ಜನ ಬಂದ್ರು!"

"ಬಿಚ್ಚಲ್ಲ ಕಣಪ್ಪ," ಎಂದಳು ಆಕೆ, ಗಂಡ ಬಾಯಿ ತೆರೆಯುವ ಮೊದಲೇ. "ಇವತ್ತು ಇದನ್ನೇ ನೋಡ್ಲಿ."

ಪೀಪಾಯಣ್ಣ ಮಂಡಿಯೂರಿ ಪೀಪಾಯಿಯ ಹೊಟ್ಟೆಯನ್ನು ಬಟ್ಟೆಯಿಂದ ಒರೆಸಿದ. ಸ್ವಲ್ಪ ಹೊತ್ತು ಕಾದ. ಆಮೇಲೆ ಸುತ್ತಲೂ ಅಂಗೈ ಸವರಿದ. ಎಲ್ಲೂ ಹನಿಯಿಲ್ಲ. ಆ ಒಣ ಅಂಗೈಯನ್ನು, ಅಷ್ಟು ಜನರ ಎದುರೇ, ಹೆಂಡತಿಯ ಕೆನ್ನೆಗೆ ಒತ್ತಿ, "ನೋಡೇ," ಎಂದ.