ಸ್ವಾಗತದ ಧುನ್

ಸಿಂಧನೂರಿನಲ್ಲಿ ನನ್ನ ಮಗಳಿಗೆ ಪಿಟೀಲು ಕಲಿಸುತ್ತಿದ್ದ ಮಾಸ್ತರು ದಿನಾ ಹೇಳುತ್ತಿದ್ದರು: "ಯಾರರ ಬರ್ಲಿ, ಅರ್ಧಕ್ಕ ಬಿಡಬ್ಯಾಡ್ರಿ."

ಶಾಲೆಯ ಸಮಾರಂಭಕ್ಕೆ ಬರುವ ಅತಿಥಿಗೆ ಮಕ್ಕಳ ಪಿಟೀಲು ಮೇಳದಿಂದ ಸ್ವಾಗತದ ಧುನ್. ಮಕ್ಕಳೆಲ್ಲ ಜಮಖಾನೆಯ ಮೇಲೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ನುಡಿಸತೊಡಗಿದರು. ಅತಿಥಿ ಸಾಹೇಬರು ಒಳಗೆ ಬಂದದ್ದೇ ತಡ, ಎಲ್ಲರಿಗಿಂತ ಮೊದಲು ಮಾಸ್ತರೇ ಎದ್ದು ಕೈಮುಗಿದರು. ಅವರನ್ನು ನೋಡಿ ಮಕ್ಕಳೂ ಎದ್ದರು. ಎದ್ದು ನುಡಿಸುವುದನ್ನು ಯಾರೂ ಕಲಿತಿರಲಿಲ್ಲ; ಧುನ್ ಅಲ್ಲಿಗೇ ಮುಗಿಯಿತು. ನಾನೂ ಎದ್ದಿದ್ದೆ, ಬಿಡ್ರಿ. ನನ್ನ ಮಗಳೊಬ್ಬಳೇ ಕೂತು ನುಡಿಸುತ್ತಿದ್ದಳು.

"ಏಳವಾ, ಸಾಹೇಬ್ರು ಬಂದಾರ," ಎಂದರು ಮಾಸ್ತರು.

"ಅರ್ಧಕ್ಕ ಬಿಡಬ್ಯಾಡ್ರಿ ಅಂದಿದ್ರಲ್ರಿ ಸರ್?"

ಮುಗಿದ ಕೈಗಳನ್ನು ಎಲ್ಲಿಡಬೇಕೋ ಅವರಿಗೆ ತಿಳಿಯಲಿಲ್ಲ.

ಆಮೇಲೆ ಪಾಠದಲ್ಲಿ ಯಾರು ಅರ್ಧಕ್ಕೆ ಬಿಟ್ಟರೂ ಮಾಸ್ತರು ತಲೆ ತಗ್ಗಿಸಿ ತಮ್ಮ ತಂತಿ ಬಿಗಿ ಮಾಡುತ್ತಿದ್ದರು.